ನೀರು ಹೊತ್ತು ತರುವುದರ ಲೆಕ್ಕ



ಕಾವೇರಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ವಿಚಾರಿಸದೆ ಮುಂಗಾರು ಕಳೆಯುವ ಅಭ್ಯಾಸ ನಮ್ಮ ನಾಡಿಗೆ ಇಲ್ಲ. ಆ ನೀರಿನ ಹಂಚಿಕೆಯ ವಿವಾದದಲ್ಲಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿದ್ದಿ ಕರ್ನಾಟಕದ ಪಾಲನ್ನು 284.75 ಟಿಎಂಸಿ ಅಡಿಗೆ ಏರಿಸಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ಸಾಮಾನ್ಯ ಮಳೆಯ ವರ್ಷ 177.25 ಟಿಎಂಸಿ ಅಡಿ ನೀರು ತಮಿಳುನಾಡಿಗೆ ಹರಿಯಬೇಕೆಂದು ಗೊತ್ತುಮಾಡಿತು. ಮಳೆ ಕೈಕೊಟ್ಟ ವರ್ಷ ಕೃಷ್ಣರಾಜಸಾಗರದ, ಅಂದರೆ ಕೆಆರ್‌ಎಸ್‌ನ ಒಳಹರಿವು, ಹೊರಹರಿವು, ಅಡಿಗಳ ಲೆಕ್ಕದ ನೀರಿನ ಮಟ್ಟ ಇವೆಲ್ಲ ಮನೆಮನೆಯ ಮಾತಾಗುತ್ತವೆ. ಮಂಡ್ಯದ ಚಹಾದಂಗಡಿಯಲ್ಲಿ ಕುಳಿತವರು ಕ್ಯೂಸೆಕ್ ಎಂದರೇನೆಂದು ಯಾರನ್ನೂ ಕೇಳಬೇಕಾಗಿಲ್ಲ. ನದಿಯ ನೀರನ್ನು ಇಷ್ಟು ಕರಾರುವಾಕ್ಕಾಗಿ ಅಳೆದು ಬರೆದಿಡುವುದು ಸಣ್ಣ ಸಾಧನೆಯಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಶ್ರಮವಿದೆ, ಜಗಳವಿದೆ, ಕಾನೂನಿದೆ.

ಆ ನೀರು ತನ್ನೊಳಗೆ ಏನನ್ನು, ಎಷ್ಟನ್ನು ಹೊತ್ತು ತರುತ್ತದೆ ಎಂಬ ಲೆಕ್ಕವನ್ನು ನಾವು ಅಷ್ಟೇ ನಿಷ್ಠೆಯಿಂದ ಇಟ್ಟಿಲ್ಲ; ಇಡಬೇಕು, ಇಡಲು ಸಾಧ್ಯ. ಇಂದಿನ ಉಪನ್ಯಾಸದಲ್ಲಿ ನಾನು ವಾದಿಸುವುದು ಇಷ್ಟನ್ನೇ. ನದಿ ಮಾಲಿನ್ಯ ಬಹಳ ದೊಡ್ಡ ವಿಷಯ. ಕಾರ್ಖಾನೆಯ ವಿಷ, ಪ್ಲಾಸ್ಟಿಕ್, ಮರಳು ಗಣಿಗಾರಿಕೆ ಯಾವುದನ್ನೂ ನಾನು ಇಲ್ಲಿ ಮುಟ್ಟುವುದಿಲ್ಲ. ಸಾರಜನಕ ಮತ್ತು ರಂಜಕ ಎಂಬ ಎರಡು ಪೋಷಕಾಂಶಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಈಗಿನ ನಮ್ಮ ಪರೀಕ್ಷೆಯ ಕಣ್ಣಿಗೆ ಏನು ಬೀಳುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದು ಮೊದಲ ಭಾಗ. ಸಾಂದ್ರತೆಗೂ ಹೊರೆಗೂ ಇರುವ ವ್ಯತ್ಯಾಸ ಎರಡನೆಯದು. ದಶಕಗಳ ಕಾಲ ಬಿಡದೆ ಅಳೆದರೆ ಏನು ತಿಳಿಯುತ್ತದೆ ಎಂಬುದು ಮೂರನೆಯದು. ಆಮೇಲೆ ಆಕ್ಷೇಪಗಳಿಗೆ ಬರುತ್ತೇನೆ.

ಪೋಷಕಾಂಶ ಎಂಬ ಮಾತು ಕೇಳಿದರೆ ಅದರಲ್ಲಿ ಕೆಡುಕೇನು ಎನ್ನಿಸುವುದು ಸಹಜ. ಗದ್ದೆಗೆ ಹಾಕುವ ಯೂರಿಯಾದಲ್ಲಿರುವುದು ಸಾರಜನಕ. ಡಿಎಪಿಯಲ್ಲಿರುವುದು ಸಾರಜನಕದ ಜೊತೆಗೆ ರಂಜಕ. ಬೆಳೆಗೆ ಬೇಕಾದದ್ದೇ ಪಾಚಿಗೂ ಬೇಕು. ನೀರಿನಲ್ಲಿ ಇಂಗಾಲಕ್ಕೆ ಕೊರತೆಯಿಲ್ಲ, ಸಾರಜನಕವನ್ನು ಕೆಲವು ಬಗೆಯ ಪಾಚಿ ಗಾಳಿಯಿಂದಲೇ ಹಿಡಿದುಕೊಳ್ಳಬಲ್ಲದು. ಹೀಗಾಗಿ ಸಿಹಿನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಲಗಾಮು ಹಾಕುವುದು ಬಹುಮಟ್ಟಿಗೆ ರಂಜಕವೇ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ 1973ರಲ್ಲಿ 226ನೇ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗ ಹಚ್ಚಹಸಿರಾಯಿತು, ಪರದೆಯ ಈಚೆಗಿನ ನೀರು ಇದ್ದಂತೆಯೇ ಇತ್ತು. ಆಕಾಶದಿಂದ ತೆಗೆದ ಆ ಒಂದು ಚಿತ್ರ, ರಂಜಕ ಕಾರಣವಲ್ಲವೆಂಬ ಡಿಟರ್ಜೆಂಟ್ ತಯಾರಕರ ಎಷ್ಟೋ ವರ್ಷಗಳ ವಾದವನ್ನು ಮುಗಿಸಿತು. ನಮ್ಮ ಕೆರೆಗಳ ಮೇಲೆ ಹಾಸಿಕೊಳ್ಳುವ ಅಂತರಗಂಗೆಯ ಹಿಂದೆ, ಮೆಟ್ಟೂರು ಹಿನ್ನೀರಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಹಸಿರು ಪದರದ ಹಿಂದೆ ಇರುವುದೂ ಇದೇ ಗೊಬ್ಬರ.

ಇನ್ನು ಮೊದಲ ಭಾಗಕ್ಕೆ ಬರೋಣ. ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ. ಅಂದಿನಿಂದ ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ನದಿಗಳ ಮಾದರಿ ತೆಗೆದು ಪರೀಕ್ಷಿಸುತ್ತ ಬಂದಿವೆ. ಪತ್ರಿಕೆಗಳಲ್ಲಿ ‘ನದಿ ನೀರು ಸಿ ದರ್ಜೆಗೆ’ ಎಂಬ ತಲೆಬರಹ ನೀವು ನೋಡಿರುತ್ತೀರಿ. ಎ ದರ್ಜೆಯೆಂದರೆ ಕ್ರಿಮಿ ಕೊಂದರೆ ಸಾಕು ಕುಡಿಯಬಹುದಾದ ನೀರಿನ ಮೂಲ. ಅದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಜೈವಿಕ ಆಮ್ಲಜನಕ ಬೇಡಿಕೆ ಅಂದರೆ ಬಿಒಡಿ 2 ಮಿಲಿಗ್ರಾಂ ದಾಟಬಾರದು. ಬಿ ದರ್ಜೆ ಸ್ನಾನಕ್ಕೆ, ಸಿ ದರ್ಜೆ ಪೂರ್ಣ ಶುದ್ಧೀಕರಣದ ನಂತರ ಕುಡಿಯಲು, ಡಿ ಮೀನಿಗೆ, ಇ ನೀರಾವರಿಗೆ. ಈ ಐದು ದರ್ಜೆಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೂ ರಂಜಕ ಎಂಬ ಹೆಸರು ಸಿಗುವುದಿಲ್ಲ, ನೈಟ್ರೇಟ್ ಸಿಗುವುದಿಲ್ಲ. ಮೀನಿನ ದರ್ಜೆಯಲ್ಲಿ ಅಮೋನಿಯಾ ಒಂದಿದೆ, ಅಷ್ಟೆ. ನೈಟ್ರೇಟನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ, ಆದರೆ ದರ್ಜೆ ಕೊಡುವಾಗ ಆ ಅಂಕಿಗೆ ಮತವಿಲ್ಲ. ಮಲಿನ ನದಿಪಾತ್ರಗಳ ರಾಷ್ಟ್ರೀಯ ಪಟ್ಟಿಯೂ ಹೀಗೆಯೇ: 2018ರಲ್ಲಿ 351 ಪಾತ್ರಗಳು, 2022ರಲ್ಲಿ 311. ಅಳತೆಗೋಲು ಒಂದೇ, ಬಿಒಡಿ 3 ಮಿಲಿಗ್ರಾಂ ದಾಟಿದೆಯೇ ಇಲ್ಲವೇ. ಎರಡೂ ಪಟ್ಟಿಗಳಲ್ಲಿ ಕರ್ನಾಟಕದ 17 ಪಾತ್ರಗಳಿವೆ. ಅರ್ಕಾವತಿ, ಶಿಂಷಾ, ಕಬಿನಿ, ತುಂಗಭದ್ರೆಯಂಥ ಹೆಸರುಗಳು ಎಲ್ಲರಿಗೂ ಗೊತ್ತಿರುವಂಥವು.

ಆಮ್ಲಜನಕವನ್ನು ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನನ್ನ ವಾದದ ಒಂದು ಎಳೆ ಅಲ್ಲಿದೆ. ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ತೋರಿಸಿಕೊಟ್ಟ ವಿಧಾನ ಇಂದಿಗೂ ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ನದಿಯಲ್ಲಿ ತುಂಬಿ ಬಿರಡೆ ಹಾಕುತ್ತಾರೆ. ದಡದಲ್ಲೇ ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್, ನಂತರ ಅಯೊಡೈಡ್ ಸೇರಿದ ಕ್ಷಾರ ಬೀಳುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಚರಟ ಮೋಡದಂತೆ ಎದ್ದು ನಿಧಾನವಾಗಿ ತಳಕ್ಕೆ ಕೂರುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಆಮ್ಲ ಹನಿಸಿದಾಗ ಚರಟ ಕರಗಿ ಇಡೀ ಬಾಟಲಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬ್ಯೂರೆಟ್ಟಿನಿಂದ ಥಯೊಸಲ್ಫೇಟ್. ಬಣ್ಣ ತೆಳುವಾದಾಗ ಗಂಜಿಯ ದ್ರಾವಣ ಹಾಕಿದರೆ ಕಡು ನೀಲಿ. ಆ ನೀಲಿ ಮಾಯವಾಗುವ ಹನಿಯೇ ಉತ್ತರ. ಕೈ ಪಳಗಿದವರು ಮಾಡಿದರೆ ಇದು ತುಂಬಾ ನಂಬಿಕಸ್ಥ ಪರೀಕ್ಷೆ. ಬಾಟಲಿ ತುಂಬಿದ ಹೊತ್ತು ಯಾವುದು ಎಂಬುದನ್ನು ಮಾತ್ರ ಉತ್ತರ ಹೇಳುವುದಿಲ್ಲ.

ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯಲ್ಲಿ ಅದೇ ಆಮ್ಲಜನಕವನ್ನು ಹೀರುತ್ತದೆ. ಗೊಬ್ಬರ ಹೆಚ್ಚಾಗಿ ಹಸಿರುಗಟ್ಟಿದ ಹೊಳೆಯಲ್ಲಿ ಮಧ್ಯಾಹ್ನ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮೀನು ಬಾಯಿ ಬಿಡುತ್ತ ಮೇಲಕ್ಕೆ ಬರುತ್ತದೆ. ಮಾದರಿ ತೆಗೆಯುವ ಸಿಬ್ಬಂದಿ ಬೆಳಿಗ್ಗೆ ಕಚೇರಿಯಿಂದ ಹೊರಟು ನದಿ ತಲುಪುವ ಹೊತ್ತಿಗೆ ಸೂರ್ಯ ನೆತ್ತಿಗೇರಿರುತ್ತಾನೆ. ಬಾಟಲಿಯಲ್ಲಿ ಒಂಬತ್ತೋ ಹತ್ತೋ ಮಿಲಿಗ್ರಾಂ ಬಂದರೆ ಆಮ್ಲಜನಕದ ಮಟ್ಟಿಗೆ ಆ ನೀರು ಎ ದರ್ಜೆ. ಆದರೆ 28 ಡಿಗ್ರಿ ಉಷ್ಣಾಂಶದ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ದಾಟುವುದಿಲ್ಲ. ಅದಕ್ಕಿಂತ ಹೆಚ್ಚು ಕಂಡರೆ ಅದು ಆರೋಗ್ಯವಲ್ಲ, ಜ್ವರ. ನಾವು ಅತ್ಯುತ್ತಮ ಎಂದು ಬರೆದುಕೊಂಡ ಅಂಕಿಯೇ ಕೆಲವೊಮ್ಮೆ ರೋಗದ ಲಕ್ಷಣ. ಪರೀಕ್ಷೆ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಆಮ್ಲಜನಕ ಮತ್ತು ಬಿಒಡಿ ಎಂಬ ಜೋಡಿ ಹುಟ್ಟಿದ್ದು ಕೊಳೆಯುವ ಹೊಲಸನ್ನು ಹಿಡಿಯಲು. ಬ್ರಿಟನ್ನಿನ ರಾಯಲ್ ಕಮಿಷನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಐದು ದಿನಗಳ ಬಿಒಡಿಯನ್ನು ರೂಢಿಗೆ ತಂದದ್ದು ಆ ಕೆಲಸಕ್ಕೆ. ಕೊಳಚೆಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಗೊಬ್ಬರ ಅದರ ಬಲೆಗೆ ಬೀಳುವುದಿಲ್ಲ.

ಇದರ ಪರಿಣಾಮ ಶುದ್ಧೀಕರಣ ಘಟಕಗಳಲ್ಲಿ ಕಾಣುತ್ತದೆ. ಸಾಮಾನ್ಯ ವಿನ್ಯಾಸದ ಘಟಕ ಕೊಳಚೆಯ ಬಿಒಡಿಯನ್ನು ನೂರರ ಲೆಕ್ಕದಿಂದ ಹತ್ತಿಪ್ಪತ್ತಕ್ಕೆ ಇಳಿಸುತ್ತದೆ. ಆದರೆ ಪೋಷಕಾಂಶ ತೆಗೆಯಲೆಂದೇ ಕಟ್ಟದಿದ್ದರೆ ರಂಜಕದ ಬಹುಪಾಲು ಹಾಗೆಯೇ ಹೊರಗೆ ಹರಿಯುತ್ತದೆ. ಕೇಂದ್ರ ಪರಿಸರ ಸಚಿವಾಲಯ 2015ರ ಕರಡು ನಿಯಮದಲ್ಲಿ ಸಾರಜನಕಕ್ಕೆ ಮಿತಿ ಇಟ್ಟಿತ್ತು. 2017ರ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಆ ಮಿತಿ ಇರಲಿಲ್ಲ. 2019ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾರಜನಕಕ್ಕೆ 10, ಕೆರೆ ಸರೋವರಗಳಿಗೆ ಬಿಡುವ ನೀರಿನ ರಂಜಕಕ್ಕೆ 1 ಮಿಲಿಗ್ರಾಂ ಮಿತಿಯನ್ನು ಎತ್ತಿಹಿಡಿಯಿತು. ಈ ಹಗ್ಗಜಗ್ಗಾಟದ ಕಾನೂನು ವಿವರ ಇಲ್ಲಿ ಬೇಡ. ನದಿಯ ದರ್ಜೆಯಲ್ಲಿ ಲೆಕ್ಕಕ್ಕೆ ಬಾರದ ವಸ್ತು ಘಟಕದ ನಿಯಮದಿಂದಲೂ ಸುಲಭವಾಗಿ ಜಾರಿಹೋಗುತ್ತದೆ ಎಂಬುದನ್ನು ಮಾತ್ರ ನಿಮ್ಮ ಗಮನಕ್ಕೆ ತರುತ್ತೇನೆ.

ಎರಡನೆಯ ಭಾಗ, ಹೊರೆಯ ಮಾತು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬುದು ಸಾಂದ್ರತೆ. ಅದನ್ನು ಹರಿವಿನಿಂದ ಗುಣಿಸಿದರೆ ಬರುವುದು ಹೊರೆ, ಅಂದರೆ ದಿನಕ್ಕೆ ಎಷ್ಟು ಕೆ.ಜಿ. ಅಥವಾ ವರ್ಷಕ್ಕೆ ಎಷ್ಟು ಟನ್ ಎಂಬ ಲೆಕ್ಕ. ನಮಗೆಲ್ಲ ಪರಿಚಿತವಾದ ಟಿಎಂಸಿಯಲ್ಲೇ ಇದನ್ನು ಹೇಳುತ್ತೇನೆ. ಒಂದು ಟಿಎಂಸಿ ಅಡಿ ಎಂದರೆ ಸುಮಾರು 2,830 ಕೋಟಿ ಲೀಟರ್. ಅದರ ಪ್ರತಿ ಲೀಟರಿನಲ್ಲಿ ಒಂದೇ ಒಂದು ಮಿಲಿಗ್ರಾಂ ಸಾರಜನಕವಿದ್ದರೂ ಒಟ್ಟು 28 ಟನ್ನಿಗೂ ಹೆಚ್ಚು. 177.25 ಟಿಎಂಸಿ ನೀರು ಬಿಳಿಗುಂಡ್ಲು ದಾಟುವ ವರ್ಷ, ಲೀಟರಿಗೆ ಒಂದೊಂದು ಮಿಲಿಗ್ರಾಂ ಏರಿದಂತೆಲ್ಲ ಗಡಿ ದಾಟುವ ಸಾರಜನಕ 5,000 ಟನ್ ಏರುತ್ತದೆ. ಒಂದು ಮಿಲಿಗ್ರಾಂ ಎಂಬುದು ಪ್ರಯೋಗಾಲಯದ ವರದಿಯಲ್ಲಿ ಕಣ್ಣಿಗೂ ಬೀಳದಷ್ಟು ಸಣ್ಣ ವ್ಯತ್ಯಾಸ.

ಸಾಂದ್ರತೆಯನ್ನಷ್ಟೇ ನೋಡಿದರೆ ಹೇಗೆ ದಾರಿ ತಪ್ಪುತ್ತೇವೆ ಎಂಬುದಕ್ಕೆ ಒಂದು ಊಹೆಯ ಲೆಕ್ಕ ಮಾಡೋಣ. ಬೇಸಿಗೆಯಲ್ಲಿ ಹೊಳೆ 500 ಕ್ಯೂಸೆಕ್ ಹರಿಯುತ್ತಿದೆ, ರಂಜಕ ಲೀಟರಿಗೆ 0.4 ಮಿಲಿಗ್ರಾಂ. ಮಳೆಗಾಲದಲ್ಲಿ ಅದೇ ಹೊಳೆ 20,000 ಕ್ಯೂಸೆಕ್, ರಂಜಕ 0.1 ಮಿಲಿಗ್ರಾಂ. ವರದಿ ಓದಿದವರು ಮಳೆಗಾಲದಲ್ಲಿ ನದಿ ನಾಲ್ಕು ಪಾಲು ಶುದ್ಧವಾಯಿತು ಎನ್ನುತ್ತಾರೆ. ಗುಣಿಸಿ ನೋಡಿದರೆ ಬೇಸಿಗೆಯ ದಿನ ಹೋದದ್ದು ಸುಮಾರು 490 ಕೆ.ಜಿ., ಮಳೆಗಾಲದ ದಿನ ಹೋದದ್ದು ಸುಮಾರು 4,900 ಕೆ.ಜಿ. ಬೇಸಿಗೆಯ ಮಡುವಿನಲ್ಲಿರುವ ಮೀನಿಗೆ ಸಾಂದ್ರತೆ ಮುಖ್ಯ. ಕೆಳಗಿನ ಜಲಾಶಯಕ್ಕೆ ಹೊರೆ ಮುಖ್ಯ. ಎರಡೂ ಪ್ರಶ್ನೆಗಳು ನ್ಯಾಯವಾದವೇ. ನಾವು ಈವರೆಗೆ ಕೇಳಿಕೊಂಡದ್ದು ಬಹುತೇಕ ಮೊದಲನೆಯದನ್ನು ಮಾತ್ರ.

ಬೆಂಗಳೂರನ್ನು ಈ ತಕ್ಕಡಿಯಲ್ಲಿ ಇಟ್ಟು ನೋಡಿ. ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆಯಿಲ್ಲದಷ್ಟು ರಂಜಕ ಹೊರಹೋಗುತ್ತದೆ. ಒಂದು ಕೋಟಿ ಜನರೆಂದು ಹಿಡಿದರೂ ದಿನಕ್ಕೆ 10 ಟನ್. ಸಾಬೂನುಪುಡಿಯ ಪಾಲು ಬೇರೆ. ನಗರದ ಒಂದು ಬದಿಯ ಕೊಳಚೆ ವೃಷಭಾವತಿಗೆ ಇಳಿದು, ಕೆಂಗೇರಿ ಬಿಡದಿ ದಾಟಿ, ಬೈರಮಂಗಲ ಕೆರೆ ಹಾಯ್ದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಇನ್ನೊಂದು ಬದಿಯದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಗಡಿಯಾಚೆ ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನಿಂದ ಹಾರುವ ನೊರೆಗೆ ಅಲ್ಲಿನವರು ನಮ್ಮತ್ತ ಬೊಟ್ಟು ಮಾಡುವುದು ಇದೇ ಕಾರಣಕ್ಕೆ. ಆ 10 ಟನ್ನಿನಲ್ಲಿ ಎಷ್ಟು ಕೆರೆಯ ಹೂಳಿನಲ್ಲಿ ಉಳಿಯುತ್ತದೆ, ಎಷ್ಟು ಬೈರಮಂಗಲದ ಅಚ್ಚುಕಟ್ಟಿನ ಹೊಲಗಳಲ್ಲಿ ಬೆಳೆಗೆ ಸೇರುತ್ತದೆ, ಎಷ್ಟು ಸಂಗಮ ಮುಟ್ಟುತ್ತದೆ? ಊಹೆಯಿಂದ ಹೇಳಲು ಬರುವುದಿಲ್ಲ, ಅಳೆದೇ ತಿಳಿಯಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಬರಪೀಡಿತ ಜಿಲ್ಲೆಗೆ ನೀರು ಬಂದದ್ದು ಸಂತೋಷದ ಸಂಗತಿ, ಅದನ್ನು ಹಳಿಯುವವನು ನಾನಲ್ಲ. ಆದರೆ ಲೀಟರಿಗೆ ಒಂದು ಮಿಲಿಗ್ರಾಂ ರಂಜಕವಿದ್ದರೂ ಪೂರ್ಣ ಹರಿವಿನಲ್ಲಿ ದಿನಕ್ಕೆ 440 ಕೆ.ಜಿ. ಹೊರಗೆ ಹೋಗಲು ದಾರಿ ಕಡಿಮೆ ಇರುವ ಕೆರೆಗಳಲ್ಲಿ ಅದು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ.

ರಂಜಕ ಹೆಚ್ಚಾಗಿ ಮಣ್ಣಿಗೆ ಅಂಟಿಕೊಂಡು ಸಾಗುವ ವಸ್ತು. ಆದ್ದರಿಂದ ಅದರ ಪಯಣ ಸಮನಾಗಿರುವುದಿಲ್ಲ. ರೋಹಿಣಿ, ಮೃಗಶಿರಾ ಮಳೆ ಉತ್ತ ಹೊಲದ ಮೇಲೆ ಮೊದಲು ಬಡಿದಾಗ ಕೆಂಪು ನೀರು ಹಳ್ಳಕ್ಕೆ ನುಗ್ಗುತ್ತದಲ್ಲ, ಬೇಸಿಗೆಯಿಡೀ ರಾಜಕಾಲುವೆಯಲ್ಲಿ ಕೂತ ರಾಡಿ ಒಂದೇ ಸಂಜೆಯಲ್ಲಿ ಕೊಚ್ಚಿಹೋಗುತ್ತದಲ್ಲ, ಆ ಕೆಲವು ಗಂಟೆಗಳಲ್ಲಿ ತಿಂಗಳುಗಳ ಹೊರೆ ಸಾಗಿಬಿಡಬಹುದು. ತಿಂಗಳಿಗೊಂದು ಬಾಟಲಿ ತುಂಬುವ ಪದ್ಧತಿಗೆ ಆ ಸಂಜೆ ಸಿಗುವುದು ಅಪರೂಪ. ತುಂಗಭದ್ರಾ ಜಲಾಶಯವನ್ನು ನೋಡಿ: 1953ರ ಹೊತ್ತಿಗೆ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105.78ಕ್ಕೆ ಇಳಿದಿದೆ. ಹೂಳಿನಿಂದ ಕಳೆದುಕೊಂಡ ನೀರಿನ ಜಾಗವನ್ನು ಮತ್ತೆ ಮತ್ತೆ ಸರ್ವೆ ಮಾಡಿ ದಶಮಾಂಶದ ಮಟ್ಟಕ್ಕೆ ಬರೆದಿಟ್ಟಿದ್ದೇವೆ. ಆ ಹೂಳು ಮಲೆನಾಡಿನಿಂದ ಬಯಲುಸೀಮೆಯವರೆಗಿನ ಹೊಲಗಳ ಮೇಲ್ಮಣ್ಣು, ಅದರ ಪ್ರತಿ ಕಣಕ್ಕೂ ರಂಜಕ ಅಂಟಿದೆ. ತಳದಲ್ಲಿ ಆಮ್ಲಜನಕ ತೀರಿದಾಗ ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಹೊಸದಾಗಿ ಏನೂ ಬಾರದಿದ್ದರೂ ಜಲಾಶಯ ಹಸಿರಾಗಬಲ್ಲದು.

ಈಗ ಮೂರನೆಯ ಭಾಗಕ್ಕೆ ಬರುತ್ತೇನೆ: ಕಾಲ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅಮೆರಿಕದ ಒಹಾಯೊ ರಾಜ್ಯದ ಮೌಮೀ ನದಿ. ಅದು ಟೊಲೆಡೊ ನಗರದ ಬಳಿ ಈರೀ ಸರೋವರವನ್ನು ಸೇರುತ್ತದೆ. 1960ರ ದಶಕದಲ್ಲಿ ಈರೀ ಸರೋವರ ಸತ್ತೇಹೋಯಿತೆಂದು ಪತ್ರಿಕೆಗಳು ಬರೆದವು. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡವು. ಡಿಟರ್ಜೆಂಟಿನ ಫಾಸ್ಫೇಟ್ ಕಡಿಮೆಯಾಯಿತು, ನಗರಗಳ ಶುದ್ಧೀಕರಣ ಘಟಕಗಳು ಸುಧಾರಿಸಿದವು. ವರ್ಷಕ್ಕೆ 11,000 ಟನ್ ರಂಜಕದ ಗುರಿಯನ್ನು 1980ರ ದಶಕದಲ್ಲಿ ಮುಟ್ಟಿದರು, ಸರೋವರ ಚೇತರಿಸಿಕೊಂಡಿತು. ಗೆದ್ದಾಯಿತೆಂದು ಎಲ್ಲರೂ ಅಂದುಕೊಂಡ ಕಾಲ ಅದು. ಆದರೆ ಟಿಫಿನ್ ಎಂಬ ಸಣ್ಣ ಊರಿನ ಹೈಡೆಲ್‌ಬರ್ಗ್ ಕಾಲೇಜಿನಲ್ಲಿ ಡೇವಿಡ್ ಬೇಕರ್ ಎಂಬ ಅಧ್ಯಾಪಕರು ಕಟ್ಟಿದ ಪ್ರಯೋಗಾಲಯ 1970ರ ದಶಕದ ನಡುವಿನಿಂದ ಮೌಮೀ ಮತ್ತು ನೆರೆಯ ನದಿಗಳ ನೀರನ್ನು ದಿನವೂ ಪರೀಕ್ಷಿಸುತ್ತಿತ್ತು. ಸಾಮಾನ್ಯ ದಿನ ಒಂದು ಮಾದರಿ, ಪ್ರವಾಹ ಬಂದಾಗ ದಿನಕ್ಕೆ ಮೂರು, ಒಂದೊಂದು ಠಾಣೆಯಿಂದ ವರ್ಷಕ್ಕೆ ನಾನೂರಕ್ಕೂ ಹೆಚ್ಚು. ಹರಿವು ಅಳೆಯುವ ಸರ್ಕಾರಿ ಠಾಣೆಯ ಪಕ್ಕದಲ್ಲೇ ಮಾದರಿ ತೆಗೆದದ್ದರಿಂದ ಹೊರೆ ನಿಖರವಾಗಿ ಸಿಗುತ್ತಿತ್ತು. ಗೆಲುವಿನ ನಂತರವೂ ಅವರು ಬಾಟಲಿ ತುಂಬುವುದನ್ನು ನಿಲ್ಲಿಸಲಿಲ್ಲ.

1990ರ ದಶಕದ ನಡುವಿನಿಂದ ಅವರ ಪುಸ್ತಕದಲ್ಲಿ ವಿಚಿತ್ರವಾದದ್ದೊಂದು ಕಾಣತೊಡಗಿತು. ಮಣ್ಣಿಗೆ ಅಂಟಿ ಬರುವ ರಂಜಕ ಏರುತ್ತಿರಲಿಲ್ಲ, ನೀರಿನಲ್ಲಿ ಕರಗಿ ಬರುವ ರಂಜಕ ಏರುತ್ತಿತ್ತು. ಪಾಚಿ ನೇರವಾಗಿ ಹೀರಿಕೊಳ್ಳುವುದು ಈ ಕರಗಿದ ರಂಜಕವನ್ನೇ. ಮಣ್ಣು ಕೊಚ್ಚಿಹೋಗಬಾರದೆಂದು ರೈತರು ಉಳುಮೆ ಬಿಟ್ಟಿದ್ದರು, ಒಳ್ಳೆಯ ಉದ್ದೇಶದಿಂದಲೇ. ಗೊಬ್ಬರ ಮಣ್ಣಿನಲ್ಲಿ ಬೆರೆಯದೆ ಮೇಲ್ಪದರದಲ್ಲೇ ಉಳಿಯತೊಡಗಿತು. ಹೊಲದಡಿಯ ಬಸಿಗಾಲುವೆ ಕೊಳವೆಗಳು ಅದನ್ನು ಸೀದಾ ಹಳ್ಳಕ್ಕೆ ಒಯ್ದವು, ಭಾರಿ ಮಳೆಗಳು ಹೆಚ್ಚಾದವು. ಒಟ್ಟು ರಂಜಕವೆಂಬ ಒಂದೇ ಅಂಕಿಯನ್ನು ನೋಡುತ್ತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. 2011ರಲ್ಲಿ ಸರೋವರದ ಮೇಲೆ ಅಲ್ಲಿಯವರೆಗೆ ಕಂಡಿರದಷ್ಟು ದೊಡ್ಡ ಪಾಚಿ ಹಾಸು ಬಂತು. 2014ರ ಆಗಸ್ಟಿನಲ್ಲಿ ಪಾಚಿಯ ವಿಷ ಟೊಲೆಡೊದ ನಲ್ಲಿಗೇ ಬಂದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಎರಡು ಮೂರು ದಿನ ನಲ್ಲಿ ನೀರು ಮುಟ್ಟುವಂತಿರಲಿಲ್ಲ. ಆ ವಿಷ ಕುದಿಸಿದರೂ ಹೋಗದು. ಎರಡೂ ದೇಶಗಳು ರಂಜಕವನ್ನು 2008ರ ಮಟ್ಟದಿಂದ ಶೇ 40ರಷ್ಟು ಇಳಿಸುವ ಗುರಿಯನ್ನು ಒಪ್ಪಿದ್ದು ಅದರ ನಂತರ. ಆ ಗುರಿಯನ್ನು ಲೆಕ್ಕ ಹಾಕಲು ಬೇಕಾದ ಆಧಾರದ ವರ್ಷ ಸಿಕ್ಕಿದ್ದು ಆ ಸಣ್ಣ ಕಾಲೇಜಿನ ದಫ್ತರದಿಂದ.

ಇನ್ನೂ ಉದ್ದದ ದಾಖಲೆ ಥೇಮ್ಸ್ ನದಿಯದು, ಅಲ್ಲಿ ನೈಟ್ರೇಟಿನ ಲೆಕ್ಕ 1868ರಿಂದ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಲ್ಲುಗಾವಲನ್ನು ಉತ್ತು ಬೆಳೆ ತೆಗೆದದ್ದು, ಆಮೇಲೆ ಗೊಬ್ಬರ ಏರಿದ್ದು ಅದರಲ್ಲಿ ಮೆಟ್ಟಿಲುಗಳಂತೆ ಕಾಣುತ್ತವೆ. ಅಂತರ್ಜಲದ ಮೂಲಕ ನಿಧಾನವಾಗಿ ಇಳಿದು ಬರುವುದರಿಂದ ಹೊಲದಲ್ಲಿ ಮಾಡಿದ ಬದಲಾವಣೆ ನದಿಗೆ ಮುಟ್ಟಲು ದಶಕಗಳೇ ಹಿಡಿದಿವೆ. ನಮಗೆ ಇದು ದೂರದ ಮಾತಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದ ಅಂತರ್ಜಲ ಮಾದರಿಗಳಲ್ಲಿ ಶೇ 48ರಷ್ಟರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ನಮಗಿಂತ ಮುಂದಿರುವುದು ರಾಜಸ್ಥಾನ ಮಾತ್ರ. ಬೇಸಿಗೆಯಲ್ಲಿ ನಮ್ಮ ಹೊಳೆಗಳಲ್ಲಿ ಸಣ್ಣಗೆ ಹರಿಯುವ ನೀರು ಇದೇ ಅಂತರ್ಜಲದ ಒಸರು. ನಾಳೆ ಬೆಳಿಗ್ಗೆಯಿಂದ ಎಲ್ಲರೂ ಯೂರಿಯಾ ಅರ್ಧಕ್ಕೆ ಇಳಿಸಿದರೂ ನದಿಯ ನೈಟ್ರೇಟ್ ಕೆಲವು ವರ್ಷ ಜಗ್ಗದಿರಬಹುದು. ದೀರ್ಘ ದಾಖಲೆ ಕೈಯಲ್ಲಿ ಇಲ್ಲದಿದ್ದರೆ, ಯೋಜನೆ ವಿಫಲವಾಯಿತೆಂದು ಸರಿಯಾದ ಕೆಲಸವನ್ನೇ ಕೈಬಿಡುತ್ತೇವೆ.

ಇಲ್ಲಿಂದ ಆಕ್ಷೇಪಗಳಿಗೆ ಹೊರಳುತ್ತೇನೆ. ಬಾಟಲಿ ತುಂಬುವುದಕ್ಕೆ ಖರ್ಚು ಮಾಡುವ ಹಣದಲ್ಲಿ ಇನ್ನೊಂದು ಶುದ್ಧೀಕರಣ ಘಟಕ ಕಟ್ಟಬಾರದೇ ಎಂದು ಕೇಳುವವರಿದ್ದಾರೆ. ಕೊಳಚೆ ಕಣ್ಣೆದುರೇ ಹರಿಯುತ್ತಿರುವಾಗ ಅಳತೆಯ ಚರ್ಚೆ ಅವರಿಗೆ ಕಾಲಹರಣವೆನಿಸುತ್ತದೆ. ಅವರ ಅವಸರ ನನಗೆ ಅರ್ಥವಾಗುತ್ತದೆ, ವೃಷಭಾವತಿಗೆ ಘಟಕ ಬೇಕೆಂದು ತಿಳಿಯಲು ಯಾವ ಪ್ರಯೋಗಾಲಯವೂ ಬೇಕಿಲ್ಲ. ಆದರೆ ಘಟಕ ಯಾವ ಬಗೆಯದಾಗಿರಬೇಕು, ರಂಜಕ ತೆಗೆಯುವ ಹೆಚ್ಚಿನ ವೆಚ್ಚವನ್ನು ಮೊದಲು ಯಾವ ಊರಿನಲ್ಲಿ ಮಾಡಿದರೆ ನದಿಗೆ ಹೆಚ್ಚು ಲಾಭ, ಕಟ್ಟಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಅಳತೆಯಿಲ್ಲದೆ ಉತ್ತರವಿಲ್ಲ. ಘಟಕಕ್ಕೆ ನೂರಾರು ಕೋಟಿ ಬೇಕು. ನದಿಯ ಮೇಲಿನ ಒಂದು ಠಾಣೆಯ ವರ್ಷದ ಖರ್ಚು ಅದರ ಮುಂದೆ ಲೆಕ್ಕಕ್ಕೇ ಬಾರದು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಗೊಬ್ಬರದ ಮಾತೆತ್ತಿದರೆ ಕೊನೆಗೆ ಅಪವಾದ ಬರುವುದು ರೈತನ ತಲೆಗೆ, ನಗರ ಪಾರಾಗುತ್ತದೆ ಎನ್ನುವ ಅನುಮಾನ. ಈ ಅನುಮಾನಕ್ಕೆ ಕಾರಣವಿದೆ. 45 ಕೆ.ಜಿ. ಯೂರಿಯಾ ಮೂಟೆಯ ಬೆಲೆಯನ್ನು ಸರ್ಕಾರವೇ ಅಗ್ಗವಾಗಿ ಹಿಡಿದಿಟ್ಟಿದೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗಲೂ ಯೂರಿಯಾವನ್ನು ಅದರಿಂದ ಹೊರಗಿಟ್ಟರು, ಉಳಿದ ಗೊಬ್ಬರ ದುಬಾರಿಯಾಯಿತು. ರೈತ ಯೂರಿಯಾದ ಕಡೆ ವಾಲಿದ್ದು ನೀತಿಯ ಫಲ. ಗದ್ದೆಯಿಂದ ಬಸಿದುಹೋದ ಸಾರಜನಕ ಅವನ ಕಿಸೆಯಿಂದ ಹೋದ ದುಡ್ಡೂ ಹೌದು. ಆದರೆ ಅಳತೆ ರೈತನ ವೈರಿಯಲ್ಲ. ಅಳತೆಯಿಲ್ಲದ ಕಡೆಯಲ್ಲೇ ಗದ್ದೆಯನ್ನೂ ನಗರವನ್ನೂ ಒಂದೇ ಉಸಿರಿನಲ್ಲಿ ದೂರಲು ಸಾಧ್ಯ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಿಂದ ಬಂದದ್ದೆಷ್ಟು, ಮೈಸೂರಿನಿಂದ ಬಂದದ್ದೆಷ್ಟು, ಬೆಂಗಳೂರಿನಿಂದ ಬಂದದ್ದೆಷ್ಟು ಎಂದು ಟನ್ನಿನಲ್ಲಿ ಬಿಡಿಸಿ ತೋರಿಸಿದರೆ ಮಾತ್ರ ಯಾರ ಪಾಲು ಎಷ್ಟೆಂದು ನ್ಯಾಯವಾಗಿ ಹಂಚಬಹುದು. ನೆರೆರಾಜ್ಯದ ಜೊತೆಗೂ ಹೀಗೆಯೇ. ಬೆಂಗಳೂರಿನ ಕೊಳಚೆಯ ಬಗ್ಗೆ ತಮಿಳುನಾಡು 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನೀರಿನ ಪ್ರಮಾಣದ ವಿವಾದದಲ್ಲಿ ನಮ್ಮ ವಾದಕ್ಕೆ ಬಲ ಬಂದದ್ದು ದಶಕಗಳ ಹರಿವಿನ ದಾಖಲೆಯಿಂದ. ಗುಣಮಟ್ಟದ ವಿವಾದದಲ್ಲೂ ಪ್ರಾಮಾಣಿಕವಾಗಿ ನಿಲ್ಲಲು, ತಪ್ಪಿದ್ದರೆ ಪ್ರಾಮಾಣಿಕವಾಗಿ ಒಪ್ಪಲು, ಅಂಥದೇ ದಾಖಲೆ ಬೇಕು.

ನಮ್ಮದು ಮುಂಗಾರಿನ ನದಿ, ವರ್ಷಕ್ಕೊಮ್ಮೆ ಮಳೆ ಎಲ್ಲವನ್ನೂ ತೊಳೆದು ಒಯ್ಯುತ್ತದೆ ಎಂಬ ಮಾತೂ ಇದೆ. ತೊಳೆದದ್ದು ಎಲ್ಲಿಗೆ ಹೋಯಿತು? ಅಣೆಕಟ್ಟು ಇಲ್ಲದ ಕಾಲದಲ್ಲಿ ಸಮುದ್ರಕ್ಕೆ. ಈಗ ಹೋಗುವುದು ಮುಂದಿನ ಜಲಾಶಯಕ್ಕೆ. ನಿಂತ ನೀರು, ಬಿಸಿಲು, ಗೊಬ್ಬರ ಮೂರೂ ಕೂಡುವ ಜಾಗ ಅದು. ಸ್ವಯಂಚಾಲಿತ ಯಂತ್ರಗಳು ಬಂದಿವೆಯಲ್ಲ, ಇನ್ನು ಮನುಷ್ಯರೇಕೆ ಎನ್ನುವವರಿಗೂ ಒಂದು ಮಾತು. ಆಮ್ಲಜನಕ, ಉಷ್ಣಾಂಶ, ನೈಟ್ರೇಟುಗಳನ್ನು ಯಂತ್ರ ರಾತ್ರಿ ಹಗಲೂ ಅಳೆಯಬಲ್ಲದು, ಅದು ಬೇಕೇ ಬೇಕು. ಒಟ್ಟು ರಂಜಕಕ್ಕೆ ಮಾತ್ರ ಮಾದರಿಯನ್ನು ಆಮ್ಲದಲ್ಲಿ ಕಾಯಿಸಿ ಜೀರ್ಣಿಸಬೇಕು, ಅದು ಇಂದಿಗೂ ಹೆಚ್ಚಾಗಿ ಪ್ರಯೋಗಾಲಯದ ಕೆಲಸ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಕಾವೇರಿಯ ಕೆಳಪಾತ್ರದಲ್ಲಿ ಕೇಂದ್ರ ಜಲ ಆಯೋಗ ಹರಿವು ಅಳೆಯುವ ನಾಲ್ಕು ಜಾಗಗಳನ್ನು ನೋಡಿ: ಮುಖ್ಯ ನದಿಯ ಮೇಲೆ ಕೊಳ್ಳೇಗಾಲ, ಶಿಂಷೆಯ ಮೇಲೆ ತೊರೆಕಾಡನಹಳ್ಳಿ, ಅರ್ಕಾವತಿಯ ಮೇಲೆ ಟಿ. ಬೇಕುಪ್ಪೆ, ಕೊನೆಗೆ ಗಡಿಯ ಬಿಳಿಗುಂಡ್ಲು. ಮೊದಲ ಮೂರರ ಹೊರೆಯನ್ನು ಕೂಡಿ ನಾಲ್ಕನೆಯದರ ಪಕ್ಕ ಇಟ್ಟರೆ ಮೇಲಿನ ಕಣಿವೆ, ಶಿಂಷೆಯ ಸೀಮೆ, ಬೆಂಗಳೂರು ಇವುಗಳ ಪಾಲು ಬಹುಮಟ್ಟಿಗೆ ಬೇರೆ ಬೇರೆಯಾಗಿ ನಿಲ್ಲುತ್ತದೆ. ನಡುವೆ ಇರುವುದು ಹೆಚ್ಚಾಗಿ ಕಾಡು. ಹರಿವಿನ ಲೆಕ್ಕಕ್ಕೆ ಹೊಸದಾಗಿ ಏನೂ ಕಟ್ಟಬೇಕಿಲ್ಲ. ಸಾಮಾನ್ಯ ದಿನ ಒಂದು ಮಾದರಿ, ನದಿ ಏರಿದ ದಿನ ಆರು ಗಂಟೆಗೊಂದು. ಠಾಣೆಗೆ ಸುಮಾರು ಐನೂರು, ನಾಲ್ಕಕ್ಕೂ ಸೇರಿ ವರ್ಷಕ್ಕೆ ಎರಡು ಸಾವಿರ. ಕರಗಿದ ರಂಜಕದ ಮಾದರಿಯನ್ನು ದಡದಲ್ಲೇ 0.45 ಮೈಕ್ರಾನ್ ಸೋಸುಕಾಗದದಲ್ಲಿ ಸೋಸಿ ಐಸ್ ಪೆಟ್ಟಿಗೆಯಲ್ಲಿ ಇಡಬೇಕು, ಒಟ್ಟು ರಂಜಕದ್ದಕ್ಕೆ ಗಂಧಕಾಮ್ಲ ಹನಿಸಬೇಕು. ಪ್ರತಿ ಬಾಟಲಿಯ ಮೇಲೂ ದಿನಾಂಕದ ಜೊತೆ ಗಂಟೆ ಬರೆಯಬೇಕು. ವಿಧಾನ ಬದಲಾಯಿಸಬೇಕಾಗಿ ಬಂದರೆ ಒಂದು ವರ್ಷ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಬೇಕು, ಇಲ್ಲವಾದರೆ ನದಿ ಬದಲಾಯಿತೋ ವಿಧಾನ ಬದಲಾಯಿತೋ ಎಂದು ಮುಂದಿನವರಿಗೆ ತಿಳಿಯದು. ಕೊಳ್ಳೇಗಾಲದಲ್ಲಿ, ಮಳವಳ್ಳಿಯಲ್ಲಿ, ಕನಕಪುರದಲ್ಲಿ ಪದವಿ ಕಾಲೇಜುಗಳಿವೆ. ಟಿಫಿನ್ನಿನ ಕಾಲೇಜು ಇವುಗಳಿಗಿಂತ ದೊಡ್ಡದೇನೂ ಆಗಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಜಲ ಆಯೋಗದ ಜೊತೆ ಒಪ್ಪಂದ ಮಾಡಿಕೊಂಡು ಈ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ಕೆಲಸ ಹಂಚಿಕೊಳ್ಳಬಹುದು. ಪರೀಕ್ಷೆಯ ರಜೆಯಲ್ಲಿ, ದಸರೆಯಲ್ಲಿ, ಚುನಾವಣೆಯ ವಾರದಲ್ಲಿ ಯಾರು ನದಿಗೆ ಹೋಗುತ್ತಾರೆ ಎಂಬ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಬರೆದು ಗೋಡೆಗೆ ಅಂಟಿಸಿದರೆ, ಮುಂದಿನ ರೋಹಿಣಿ ಮಳೆಯ ಮೊದಲ ಕೆಂಪು ನೀರು ಟಿ. ಬೇಕುಪ್ಪೆ ಮುಟ್ಟುವಾಗ ದಡದಲ್ಲಿ ಬಾಟಲಿ ಹಿಡಿದು ಒಬ್ಬರಾದರೂ ನಿಂತಿರುತ್ತಾರೆ.